ಹೀಬ್ರೂ ಭಾಷೆಯ ದೇವವಾಚಕ ಶಬ್ದಗಳು: ವ್ಯುತ್ಪತ್ತಿ ಮತ್ತು ಇತಿಹಾಸ

ಶಬ್ದವೊಂದರ ಧಾತುವನ್ನು ಗುರುತಿಸಿದೊಡನೆ ಅದರ ಅರ್ಥವೆಲ್ಲವೂ ಕೈವಶವಾಯಿತೆಂದು ಭಾವಿಸುವುದು ವಿದ್ವಾಂಸರಲ್ಲಿಯೂ ಅಪರೂಪವಲ್ಲ. ದೇವತಾನಾಮಗಳ ವಿಷಯದಲ್ಲಂತೂ ಈ ಪ್ರವೃತ್ತಿ ಇನ್ನಷ್ಟು ಬಲವಾಗಿದೆ. ಪ್ರಾಚೀನ ಇಸ್ರಾಯೇಲರ ಧರ್ಮೇತಿಹಾಸವನ್ನು ಬರೆದವರಲ್ಲಿ ಹಲವರು ‘ಏಲ್’ ಎಂದರೆ ಬಲಶಾಲಿ, ‘ಯಹ್ವೆ’ ಎಂದರೆ ಇರುವವನು ಎಂದು ಮೊದಲು ನಿರ್ಣಯಿಸಿಕೊಂಡು, ಆ ನಿರ್ಣಯದಿಂದಲೇ ಆ ಜನರ ದೇವಕಲ್ಪನೆಯನ್ನು ನಿಗಮನ ಮಾಡಿದ್ದಾರೆ. ಕಳೆದ ಒಂದೂವರೆ ಶತಮಾನದಲ್ಲಿ ಸಿರಿಯ, ಪ್ಯಾಲೆಸ್ಟೈನ್, ಈಜಿಪ್ಟು ದೇಶಗಳಲ್ಲಿ ದೊರೆತಿರುವ ಶಾಸನಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ಕ್ರಮವು ತಲೆಕೆಳಗಾದುದೆಂದು ತೋರುತ್ತದೆ. ಧಾತುವು ಹೇಳುವುದು ಅತ್ಯಲ್ಪ. ಆ ಶಬ್ದವನ್ನು ಯಾರು, ಎಲ್ಲಿ, ಯಾರನ್ನು ಕುರಿತು ಬಳಸಿದರು, ಯಾವಾಗ ಬಳಸುವುದನ್ನು ಬಿಟ್ಟರು ಎಂಬುದೇ ಇತಿಹಾಸಕಾರನಿಗೆ ಉಪಯುಕ್ತವಾದ ಸಾಮಗ್ರಿ. ಪ್ರಕೃತ ಲೇಖನದಲ್ಲಿ ಹೀಬ್ರೂ ಬೈಬಲ್ಲಿನ ಮುಖ್ಯವಾದ ಕೆಲವು ದೇವವಾಚಕಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಲಾಗುವುದು.

ಮೊದಲು ‘ಏಲ್’ ಶಬ್ದವನ್ನು ತೆಗೆದುಕೊಳ್ಳೋಣ. ಇದು ಹೀಬ್ರೂ ಜನರ ಸ್ವಂತ ಸೊತ್ತಲ್ಲ. ಬಾಬಿಲೋನಿಯ ಮತ್ತು ಅಸ್ಸೀರಿಯಗಳ ಅಕ್ಕಾಡಿ ಭಾಷೆಯಲ್ಲಿ ‘ಇಲು’, ಉಗಾರಿಟಿನ ಭಾಷೆಯಲ್ಲಿ ‘ಇಲ್’ ಎಂದು ಇದೇ ಶಬ್ದವಿದೆ. ಅರಮಾಯಿಕದ ‘ಎಲಾಹ್’ ಮತ್ತು ಅರಬ್ಬಿಯ ‘ಇಲಾಹ್’ ಇದರ ಸಮೀಪದ ಬಂಧುಗಳು. ‘ಅಲ್ಲಾಹ್’ ಎಂಬುದು ‘ಅಲ್-ಇಲಾಹ್’ ಎಂಬುದರ ಸಂಕೋಚವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಶಬ್ದದ ಮೂಲಾರ್ಥವೇನು? ‘ಬಲವಾಗಿರು’, ‘ಮುಂದಿರು’ ಎಂಬ ಧಾತುಗಳನ್ನು ಸೂಚಿಸಿದವರುಂಟು. ಯಾವುದಕ್ಕೂ ನಿರ್ಣಾಯಕವಾದ ಪ್ರಮಾಣವಿಲ್ಲ. ಸೆಮಿಟಿಕ್ ಭಾಷೆಗಳ ಅತಿ ಪ್ರಾಚೀನ ಸ್ತರದಲ್ಲಿಯೇ ಅದು ‘ದೇವ’ ಎಂಬ ಅರ್ಥದ ಸಾಮಾನ್ಯ ನಾಮವಾಗಿತ್ತು ಎಂದಷ್ಟೇ ಹೇಳಬಹುದು.

ಸಾಮಾನ್ಯ ನಾಮವಾಗಿದ್ದ ಈ ಶಬ್ದ ಒಬ್ಬ ನಿರ್ದಿಷ್ಟ ದೇವತೆಯ ಅಂಕಿತನಾಮವೂ ಆಗಿತ್ತೆಂಬುದು ಪೂರ್ಣವಾಗಿ ತಿಳಿದುಬಂದುದು ೧೯೨೯ರ ತರುವಾಯ. ಅದರ ಹಿಂದಿನ ವರ್ಷ ಸಿರಿಯದ ಕರಾವಳಿಯಲ್ಲಿ ರೈತನೊಬ್ಬನ ನೇಗಿಲಿಗೆ ಸಮಾಧಿಯೊಂದರ ಕಲ್ಲು ತಗುಲಿದುದು ನಿಮಿತ್ತವಾಗಿ, ಹತ್ತಿರದ ರಾಸ್ ಶಮ್ರಾ ದಿಬ್ಬದಲ್ಲಿ ಕ್ಲೋಡ್ ಷೇಫರನ ನೇತೃತ್ವದಲ್ಲಿ ಉತ್ಖನನ ಆರಂಭವಾಯಿತು. ಪ್ರಾಚೀನ ಉಗಾರಿಟ್ ನಗರದ ಮಣ್ಣಿನ ಹಲಗೆಗಳು ಅಲ್ಲಿ ದೊರೆತುವು. ವಿರೋಲೋ, ಬೌವರ್, ದೋರ್ಮ್ ಎಂಬ ಮೂವರ ಪ್ರಯತ್ನದಿಂದ ೧೯೩೦ರಲ್ಲಿಯೇ ಅವುಗಳ ಲಿಪಿಯನ್ನು ಓದುವುದು ಸಾಧ್ಯವಾಯಿತು. ಕ್ರಿ.ಪೂ. ೧೪-೧೩ನೆಯ ಶತಮಾನಗಳ ಆ ಕಾವ್ಯಗಳಲ್ಲಿ ಏಲನು ದೇವತೆಗಳ ತಂದೆ, ನರೆತ ಗಡ್ಡದ ವೃದ್ಧ, ದಯಾಶೀಲ, ನದಿಗಳ ಉಗಮದಲ್ಲಿ ವಾಸಿಸುವವನು. ದೇವಸಭೆಗೆ ಅವನೇ ಅಧ್ಯಕ್ಷ. ಅವನ ಪತ್ನಿ ಅಥಿರತ್. ಆಕೆಗೆ ಎಪ್ಪತ್ತು ಮಂದಿ ಮಕ್ಕಳು.

ಈ ಏಲನಿಗೂ ಇಸ್ರಾಯೇಲರ ದೇವರಿಗೂ ಇರುವ ಸಂಬಂಧವನ್ನು ಆ ಜನಾಂಗದ ಹೆಸರೇ ಸಾರುತ್ತಿದೆ. ‘ಇಸ್ರಾಯೇಲ್’ ಎಂಬುದರ ಕೊನೆಯಲ್ಲಿರುವುದು ಏಲ್, ಯಹ್ವೆ ಅಲ್ಲ. ೧೮೯೬ರಲ್ಲಿ ಫ್ಲಿಂಡರ್ಸ್ ಪೆಟ್ರಿಯು ಥೀಬ್ಸ್‌ನಲ್ಲಿ ಕಂಡುಹಿಡಿದ, ಕ್ರಿ.ಪೂ. ೧೨೦೮ರ ಸುಮಾರಿನ ಮೆರ್ನೆಪ್ತಾ ಶಾಸನದಲ್ಲಿ ಈ ಹೆಸರು ಆಗಲೇ ಒಂದು ಜನಸಮುದಾಯವನ್ನು ಸೂಚಿಸುತ್ತಿದೆ. ಆದಿಕಾಂಡದ ಪಿತೃಪುರುಷರ ಕಥೆಗಳಲ್ಲಿಯೂ ಏಲನು ಊರೂರಿಗೆ ಬೇರೆಬೇರೆ ವಿಶೇಷಣಗಳೊಡನೆ ಕಾಣಿಸಿಕೊಳ್ಳುತ್ತಾನೆ: ಮೆಲ್ಕಿಚೆದೇಕನ ನಗರದಲ್ಲಿ ‘ಏಲ್ ಎಲ್ಯೋನ್’ ಅಂದರೆ ಪರಾತ್ಪರನಾದ ಏಲ್, ಬೇರ್ಷೆಬದಲ್ಲಿ ‘ಏಲ್ ಓಲಾಂ’ ಅಂದರೆ ಶಾಶ್ವತನಾದ ಏಲ್, ಮರಳುಗಾಡಿನ ಬಾವಿಯ ಬಳಿ ‘ಏಲ್ ರೊಯೀ’, ಬೇತೇಲಿನಲ್ಲಿ ‘ಏಲ್ ಬೇತೇಲ್’. ಒಂದೇ ಶಿವನನ್ನು ಒಂದು ಕ್ಷೇತ್ರದಲ್ಲಿ ವಿರೂಪಾಕ್ಷನೆಂದೂ ಇನ್ನೊಂದರಲ್ಲಿ ಮಹಾಬಲೇಶ್ವರನೆಂದೂ ಕರೆಯುವ ನಮಗೆ ಈ ಪದ್ಧತಿ ಹೊಸದಲ್ಲ.

ಇವುಗಳಲ್ಲಿ ‘ಏಲ್ ಶದ್ದೈ’ ಎಂಬ ಹೆಸರು ವ್ಯುತ್ಪತ್ತಿಕಾರರಿಗೆ ಕೊಟ್ಟಷ್ಟು ತೊಂದರೆಯನ್ನು ಮತ್ತಾವುದೂ ಕೊಟ್ಟಿಲ್ಲ. ಬೈಬಲ್ಲಿನಲ್ಲಿ ‘ಶದ್ದೈ’ ೪೮ ಸಲ ಬರುತ್ತದೆ. ಅದರಲ್ಲಿ ೩೧ ಪ್ರಯೋಗಗಳು ಯೋಬನ ಗ್ರಂಥವೊಂದರಲ್ಲಿಯೇ ಇವೆ. ಕನ್ನಡ ಅನುವಾದದಲ್ಲಿ ಇದು ‘ಸರ್ವಶಕ್ತ’ ಎಂದಾಗಿದೆ. ಈ ಅರ್ಥದ ಹಿಂದಿರುವುದು ಯೋಬನ ಗ್ರಂಥದ ಗ್ರೀಕ್ ಅನುವಾದಕರು ಬಳಸಿದ ‘ಪಾಂತೊಕ್ರಾತೋರ್’ ಎಂಬ ಶಬ್ದವೇ ಹೊರತು ಹೀಬ್ರೂ ಧಾತುವಲ್ಲ. ಯೆಹೂದಿ ರಬ್ಬಿಗಳು ಇದನ್ನು ‘ಶೆ-ದೈ’ ಎಂದು ಬಿಡಿಸಿ ‘ತನಗೆ ತಾನೇ ಸಾಕಾದವನು’ ಎಂದರು. ಕೆಲವರು ‘ನಾಶಮಾಡು’ ಎಂಬ ಧಾತುವನ್ನು ಕಂಡರು. ಕೆಲವರು ‘ಸ್ತನ’ ಎಂಬ ಶಬ್ದವನ್ನು ಕಂಡು ಸಂತಾನದ ಆಶೀರ್ವಾದದೊಡನೆ ಅದನ್ನು ಜೋಡಿಸಿದರು. ಅಕ್ಕಾಡಿಯ ‘ಶದೂ’, ಅಂದರೆ ಬೆಟ್ಟ, ಎಂಬುದರಿಂದ ‘ಗಿರಿವಾಸಿ’ ಎಂಬ ಅರ್ಥವನ್ನು ಹೇಳುವವರು ಇಂದು ಹೆಚ್ಚು. ಆದರೆ ನಿಜವಾಗಿ ಹೊಸ ಬೆಳಕು ಬಂದುದು ನಿಘಂಟಿನಿಂದಲ್ಲ. ೧೯೬೭ರಲ್ಲಿ ಜೋರ್ಡಾನ್ ಕಣಿವೆಯ ದೇರ್ ಅಲ್ಲಾ ಎಂಬಲ್ಲಿ, ಗಾರೆಯ ಮೇಲೆ ಮಸಿಯಿಂದ ಬರೆದ, ಕ್ರಿ.ಪೂ. ೮೦೦ರ ಸುಮಾರಿನ ಬರಹವೊಂದು ತುಂಡುತುಂಡಾಗಿ ದೊರೆಯಿತು. ಅದರಲ್ಲಿ ಬಿಳಾಮನೆಂಬ ದರ್ಶಿಯ ಪ್ರಸಂಗವಿದ್ದು, ಅವನ ಕನಸಿನಲ್ಲಿ ಸಭೆ ಸೇರುವ ದೇವತೆಗಳಿಗೆ ‘ಶದ್ದಯಿನ್’ ಎಂಬ ಬಹುವಚನದ ಹೆಸರಿದೆ. ಬೈಬಲ್ಲಿನಲ್ಲಿಯೂ ಶದ್ದೈ ದರ್ಶನವನ್ನು ಕಂಡವನೆಂದು ಹೇಳಿಕೊಳ್ಳುವವನು ಇದೇ ಬಿಳಾಮ. ಬೆಟ್ಟವೋ ಸ್ತನವೋ ಎಂಬ ಚರ್ಚೆ ಮುಗಿಯದಿದ್ದರೂ, ಈ ಹೆಸರು ಜೋರ್ಡಾನಿನ ಆಚೆಯ ದಡದಲ್ಲಿಯೂ ಜೀವಂತವಾಗಿತ್ತೆಂಬುದು ಇದರಿಂದ ಸಿದ್ಧವಾಯಿತು.

ಇನ್ನು ‘ಎಲೋಹೀಂ’. ಇದು ಬೈಬಲ್ಲಿನಲ್ಲಿ ಸುಮಾರು ೨೬೦೦ ಸಲ ಬರುತ್ತದೆ. ‘-ಈಂ’ ಎಂಬುದು ಹೀಬ್ರೂವಿನ ಪುಲ್ಲಿಂಗ ಬಹುವಚನ ಪ್ರತ್ಯಯ. ಏಕವಚನವಾದ ‘ಎಲೋಹ’ ಎಂಬ ರೂಪ ವಿರಳ. ಅದರ ಬಹುಪಾಲು ಪ್ರಯೋಗಗಳು ಯೋಬನ ಕಾವ್ಯದಲ್ಲಿವೆ. ಹೀಗಿದ್ದೂ ಇಸ್ರಾಯೇಲರ ದೇವರನ್ನು ಹೇಳುವಾಗ ಈ ಬಹುವಚನ ನಾಮಕ್ಕೆ ಏಕವಚನ ಕ್ರಿಯಾಪದವೇ ಹತ್ತುತ್ತದೆ. ಆದಿಕಾಂಡದ ಮೊದಲನೆಯ ವಾಕ್ಯವೇ ಇದಕ್ಕೆ ನಿದರ್ಶನ. ಇದರಿಂದ ಇಸ್ರಾಯೇಲರು ಮೊದಲು ಬಹುದೇವತಾವಾದಿಗಳಾಗಿದ್ದರೆಂದು ಒಂದು ಪಕ್ಷದವರೂ, ಕ್ರೈಸ್ತರ ತ್ರಿತ್ವವು ಇಲ್ಲಿ ಸೂಚಿತವಾಗಿದೆಯೆಂದು ಇನ್ನೊಂದು ಪಕ್ಷದವರೂ ವಾದಿಸಿದ್ದಾರೆ. ವ್ಯಾಕರಣದ ಒಂದು ಪ್ರತ್ಯಯದ ಮೇಲೆ ಇಷ್ಟು ಭಾರವನ್ನು ಹೇರುವುದು ಉಚಿತವಲ್ಲ.

ಕನ್ನಡಿಗರಿಗೆ ಈ ರೂಪವನ್ನು ಅರ್ಥಮಾಡಿಕೊಳ್ಳುವುದು ಯೂರೋಪಿನ ವಿದ್ಯಾರ್ಥಿಗಳಿಗಿಂತ ಸುಲಭ. ನಮ್ಮ ‘ದೇವರು’ ಎಂಬ ಶಬ್ದವೂ ರೂಪದಲ್ಲಿ ಬಹುವಚನವೇ. ‘ಅರಸರು’, ‘ಗುರುಗಳು’ ಎಂಬಲ್ಲಿರುವಂತೆ ಅದು ಗೌರವಸೂಚಕ. ಹೊಯ್ಸಳರ ಶಾಸನಗಳಲ್ಲಿ ಅರಸನ ಹೆಸರಿನ ಮೇಲೂ ‘ದೇವರು’, ‘ದೇವರಸರು’ ಎಂಬ ರೂಪಗಳು ಬರುತ್ತವೆ. ಆದರೂ ಹಳ್ಳಿಯ ಮುದುಕಿಯೊಬ್ಬಳು ಕಷ್ಟಕಾಲದಲ್ಲಿ ‘ದೇವರಿದ್ದಾರೆ’ ಎನ್ನದೆ ‘ದೇವರಿದ್ದಾನೆ’ ಎಂದೇ ಹೇಳುವಳು. ಬಹುವಚನದ ಕರ್ತೃಪದ, ಏಕವಚನದ ಕ್ರಿಯಾಪದ: ಇದು ಹೀಬ್ರೂವಿನ ರಚನೆಯೇ. ಕನ್ನಡ ಬೈಬಲ್ಲಿನ ಹಳೆಯ ಅನುವಾದದಲ್ಲಿ ಮೊದಲನೆಯ ವಾಕ್ಯದ ಕರ್ತೃವು ‘ದೇವರು’ ಎಂದಿದ್ದು ಕ್ರಿಯಾಪದ ಪುಲ್ಲಿಂಗ ಏಕವಚನದಲ್ಲಿರುವುದರಿಂದ, ಇಂಗ್ಲಿಷಿನಲ್ಲಾಗಲಿ ಲ್ಯಾಟಿನ್ನಿನಲ್ಲಾಗಲಿ ಉಳಿಯದ ಮೂಲದ ಈ ವೈಶಿಷ್ಟ್ಯ ಕನ್ನಡದಲ್ಲಿ ಯಾವ ಪ್ರಯಾಸವೂ ಇಲ್ಲದೆ ಉಳಿದುಬಂದಿದೆ. ಎರಡು ಭಾಷೆಗಳಿಗೂ ಯಾವ ಬಾಂಧವ್ಯವೂ ಇಲ್ಲ. ಗೌರವವು ಬಹುವಚನದ ರೂಪವನ್ನು ತಾಳುವುದು ಹಲವು ಭಾಷೆಗಳಲ್ಲಿ ಸ್ವತಂತ್ರವಾಗಿ ಸಂಭವಿಸುವ ವಿಷಯವೆಂಬುದಕ್ಕೆ ಮಾತ್ರ ಇದು ಸಾಕ್ಷಿ.

ಹೀಬ್ರೂವಿನ ನೆರೆಯಲ್ಲಿಯೇ ಇದಕ್ಕೆ ಇನ್ನೂ ಬಲವಾದ ಆಧಾರವಿದೆ. ಈಜಿಪ್ಟಿನ ಅಮರ್ನಾದಲ್ಲಿ ದೊರೆತ, ಕ್ರಿ.ಪೂ. ೧೪ನೆಯ ಶತಮಾನದ ಪತ್ರಗಳಲ್ಲಿ ಕಾನಾನಿನ ಸಾಮಂತರು ಫರೋಹನೊಬ್ಬನನ್ನೇ ‘ನನ್ನ ದೇವತೆಗಳು’ ಎಂದು ಬಹುವಚನದಲ್ಲಿ ಸಂಬೋಧಿಸುತ್ತಾರೆ. ಬೈಬಲ್ಲಿನಲ್ಲಿ ಯೋಸೇಫನ ಒಡೆಯನನ್ನು ಹೇಳುವಾಗಲೂ ‘ಒಡೆಯ’ ಎಂಬುದರ ಬಹುವಚನವೇ ಬಂದಿದೆ. ಎಲೋಹೀಂ ಶಬ್ದದ ವ್ಯಾಪ್ತಿಯೂ ನಾವು ಊಹಿಸುವುದಕ್ಕಿಂತ ವಿಶಾಲವಾಗಿತ್ತು. ಅನ್ಯಜನರ ದೇವತೆಗಳಿಗೆ ಅದೇ ಹೆಸರು. ನ್ಯಾಯಸ್ಥಾಪಕರ ಗ್ರಂಥದಲ್ಲಿ ಕೆಮೋಷನೊಬ್ಬನಿಗೂ ಅದೇ ಹೆಸರು. ಏಂದೋರಿನ ಭೂತವಾದಿನಿ ಭೂಮಿಯಿಂದೇಳುತ್ತಿರುವ ಸಮುವೇಲನ ಪ್ರೇತವನ್ನು ಕಂಡು ಸೌಲನಿಗೆ ತಿಳಿಸುವಾಗ ಬಳಸಿದುದೂ ಇದೇ ಶಬ್ದ. ‘ಏಕಮೇವಾದ್ವಿತೀಯ’ನಾದ ಪರಮಾತ್ಮನೆಂಬ ಅರ್ಥವನ್ನೇ ಎಲ್ಲೆಡೆಯೂ ಇಟ್ಟುಕೊಂಡು ಓದಿದರೆ ಇಂಥ ವಾಕ್ಯಗಳು ಅರ್ಥವಾಗುವುದಿಲ್ಲ.

ಇವೆಲ್ಲವೂ ಜಾತಿವಾಚಕಗಳು ಅಥವಾ ವಿಶೇಷಣಗಳು. ಅಂಕಿತನಾಮವಾದುದು ‘ಯ್-ಹ್-ವ್-ಹ್’ ಎಂಬ ನಾಲ್ಕು ವ್ಯಂಜನಗಳ ಹೆಸರು; ಬೈಬಲ್ಲಿನಲ್ಲಿ ಅದರ ಪ್ರಯೋಗಗಳು ೬೮೦೦ಕ್ಕೂ ಹೆಚ್ಚು. ವಿಮೋಚನಕಾಂಡದ ಮೂರನೆಯ ಅಧ್ಯಾಯದಲ್ಲಿ, ಉರಿಯುವ ಪೊದೆಯ ಮುಂದೆ ನಿಂತ ಮೋಶೆಯು ಹೆಸರನ್ನು ಕೇಳಿದಾಗ ಅವನಿಗೆ ದೊರೆಯುವ ಉತ್ತರ ‘ಎಹ್ಯೆ ಅಶೆರ್ ಎಹ್ಯೆ’. ಹೀಬ್ರೂ ಕ್ರಿಯಾಪದದ ಈ ರೂಪವು ವರ್ತಮಾನವನ್ನೂ ಭವಿಷ್ಯತ್ತನ್ನೂ ಒಳಗೊಳ್ಳುವುದರಿಂದ ‘ಇರುವವನಾಗಿ ಇರುವೆನು’ ಎಂದೂ ‘ನಾನು ಏನಾಗುವೆನೋ ಅದಾಗುವೆನು’ ಎಂದೂ ತಿಳಿಯಬಹುದು. ಗ್ರೀಕ್ ಅನುವಾದಕರು ಇದನ್ನು ‘ಸತ್ಸ್ವರೂಪನು ನಾನು’ ಎಂಬರ್ಥದಲ್ಲಿ ತಿರುಗಿಸಿದರು. ಆ ಒಂದು ಅನುವಾದದಿಂದ ಹೀಬ್ರೂ ಕಥೆಯೊಳಗೆ ಗ್ರೀಕರ ತತ್ತ್ವಶಾಸ್ತ್ರ ಪ್ರವೇಶಿಸಿತು. ಮೂಲವು ‘ಇರು’ ಎಂಬ ಧಾತುವಿನ ಉತ್ತಮಪುರುಷ ರೂಪವನ್ನು ಕೊಟ್ಟು, ದೇವನಾಮವನ್ನು ಅದೇ ಧಾತುವಿನ ಪ್ರಥಮಪುರುಷ ರೂಪದಂತೆ ವಿವರಿಸುತ್ತಿದೆ. ಅಮೆರಿಕದ ಆಲ್ಬ್ರೈಟ್ ಮುಂತಾದವರು ಇದನ್ನು ಪ್ರೇರಣಾರ್ಥಕವೆಂದು ಹಿಡಿದು ‘ಇರುವಂತೆ ಮಾಡುವವನು’, ಅಂದರೆ ಸೃಷ್ಟಿಕರ್ತ, ಎಂದರು. ‘ಬೀಸು’ ಎಂಬ ಅರಬ್ಬೀ ಧಾತುವಿನಿಂದ ಬಿರುಗಾಳಿಯ ದೇವತೆಯನ್ನು ಸಾಧಿಸಿದವರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ವಿಮೋಚನಕಾಂಡದ ವಿವರಣೆಯು ಹೆಸರಿನ ಹುಟ್ಟನ್ನು ತಿಳಿಸುವುದಿಲ್ಲ. ಆ ಹೆಸರನ್ನು ತಲೆಮಾರುಗಳಿಂದ ಬಳಸುತ್ತಿದ್ದವರು ಅದರಲ್ಲಿ ಏನನ್ನು ಕೇಳಿಸಿಕೊಂಡರು ಎಂಬುದನ್ನು ತಿಳಿಸುತ್ತದೆ. ನಮ್ಮ ಯಾಸ್ಕನ ನಿರುಕ್ತದ ಅನೇಕ ನಿರ್ವಚನಗಳನ್ನು ನಾವು ಓದಬೇಕಾದುದೂ ಈ ರೀತಿಯಿಂದಲೇ.

ಇಲ್ಲಿ ಲೋಕಮಾನ್ಯ ತಿಲಕರ ಒಂದು ವಾದವನ್ನು ಪರಿಶೀಲಿಸಬೇಕಾಗಿದೆ. ೧೯೧೭ರಲ್ಲಿ ರಾ. ಗೋ. ಭಂಡಾರ್ಕರರ ಗೌರವಾರ್ಥವಾಗಿ ಪ್ರಕಟವಾದ ಸಂಪುಟದಲ್ಲಿ ಅವರು ಖಾಲ್ಡಿಯ ಮತ್ತು ಭಾರತದ ವೇದಗಳನ್ನು ಹೋಲಿಸುತ್ತ, ಯೆಹೋವನ ಹೆಸರನ್ನು ಋಗ್ವೇದದಲ್ಲಿ ‘ಮಹತ್’ ಎಂಬ ಅರ್ಥದಲ್ಲಿ ಬರುವ ‘ಯಹು’, ‘ಯಹ್ವ’ ಶಬ್ದಗಳೊಡನೆ ಜೋಡಿಸಿದರು. ಇಂದಿಗೂ ನಮ್ಮ ವಿದ್ಯಾರ್ಥಿಗಳು ಈ ಸಾಮ್ಯವನ್ನು ಉತ್ಸಾಹದಿಂದ ಎತ್ತಿ ಹೇಳುವುದುಂಟು. ಪಶ್ಚಿಮ ಏಷ್ಯದಲ್ಲಿ ವೈದಿಕ ದೇವತಾನಾಮಗಳು ಇರಲೇ ಇಲ್ಲವೆಂದು ಹೇಳಿ ಇದನ್ನು ತಳ್ಳಿಹಾಕುವಂತಿಲ್ಲ, ಕ್ರಿ.ಪೂ. ೧೪ನೆಯ ಶತಮಾನದ ಮಿತನ್ನಿ ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರು ಸಾಕ್ಷಿಗಳಾಗಿದ್ದಾರೆ. ಆದರೆ ಅಲ್ಲಿ ಬರುವುದು ಋಗ್ವೇದದ ದೇವತೆಗಳು. ‘ಯಹ್ವ’ವಾದರೋ ಋಗ್ವೇದದಲ್ಲಿಯೇ ದೇವತೆಯ ಅಂಕಿತನಾಮವಲ್ಲ, ಕೇವಲ ವಿಶೇಷಣ. ಅದೂ ಅಲ್ಲದೆ ಹೀಬ್ರೂ ಹೆಸರಿನ ಪ್ರಾಚೀನ ಪ್ರಯೋಗಗಳು ಮಿತನ್ನಿಯತ್ತ ಉತ್ತರಕ್ಕೆ ಬೊಟ್ಟುಮಾಡದೆ ದಕ್ಷಿಣದ ಮರುಭೂಮಿಯತ್ತ ಬೊಟ್ಟುಮಾಡುತ್ತವೆ. ಧ್ವನಿಸಾಮ್ಯವೊಂದರಿಂದಲೇ ಸಂಬಂಧ ಸಿದ್ಧವಾಗುವುದಾದರೆ ಜಗತ್ತಿನ ಯಾವ ಎರಡು ಭಾಷೆಗಳನ್ನೂ ಬೆಸೆಯಬಹುದು.

ದಕ್ಷಿಣವೆಂದೆನಷ್ಟೆ. ನ್ಯಾಯಸ್ಥಾಪಕರ ಗ್ರಂಥದ ದೆಬೋರಳ ಗೀತೆಯಲ್ಲಿ ಯಹ್ವೆ ಬರುವುದು ಸೇಯೀರಿನಿಂದ, ಏದೋಮಿನ ಬಯಲಿನಿಂದ. ಇತರ ಪ್ರಾಚೀನ ಪದ್ಯಗಳಲ್ಲಿ ಸೀನಾಯ್, ಪಾರಾನ್, ತೇಮಾನ್‌ಗಳಿಂದ. ಸುಡಾನಿನ ಸೋಲೆಬ್ ಎಂಬಲ್ಲಿ ಮೂರನೆಯ ಅಮೆನ್ಹೋಟೆಪ್ ಕಟ್ಟಿಸಿದ ದೇವಾಲಯದ ಪಟ್ಟಿಯಲ್ಲಿ, ಅಂದರೆ ಕ್ರಿ.ಪೂ. ೧೪ನೆಯ ಶತಮಾನದಲ್ಲಿ, ‘ಯ್-ಹ್-ವ್ ಶಾಸುಗಳ ನಾಡು’ ಎಂಬ ಉಲ್ಲೇಖವಿದೆ. ಶಾಸುಗಳು ಪಶುಪಾಲಕರಾದ ಅಲೆಮಾರಿಗಳು. ಇಲ್ಲಿರುವುದು ಸ್ಥಳನಾಮವಾಗಿ ತೋರುವುದರಿಂದ ದೇವನಾಮದೊಡನೆ ಅದರ ಸಂಬಂಧ ಚರ್ಚಾಸ್ಪದವಾದರೂ, ಉಪೇಕ್ಷಿಸತಕ್ಕದ್ದಲ್ಲ. ದೇವರ ಹೆಸರಾಗಿ ಇದು ನಿಸ್ಸಂದೇಹವಾಗಿ ಕಾಣುವುದು ಕ್ರಿ.ಪೂ. ೮೪೦ರ ಸುಮಾರಿನ ಮೋವಾಬ್ ರಾಜ ಮೇಷನ ಶಾಸನದಲ್ಲಿ. ೧೮೬೮ರಲ್ಲಿ ದೀಬಾನಿನಲ್ಲಿ ದೊರೆತ ಈ ಕಲ್ಲಿನಲ್ಲಿ, ಇಸ್ರಾಯೇಲರಿಂದ ಕಿತ್ತುಕೊಂಡ ಯಹ್ವೆಯ ಪಾತ್ರೆಗಳನ್ನು ಕೆಮೋಷನ ಮುಂದೆ ತಂದೊಪ್ಪಿಸಿದೆನೆಂದು ಆ ಶತ್ರುರಾಜ ಹೇಳಿಕೊಂಡಿದ್ದಾನೆ.

ಹೀಗೆ ದಕ್ಷಿಣದಿಂದ ಬಂದ ಯಹ್ವೆಗೂ ಕಾನಾನಿನ ಏಲನಿಗೂ ಐಕ್ಯವುಂಟಾದುದು ಹೇಗೆ? ವಿಮೋಚನಕಾಂಡದ ಆರನೆಯ ಅಧ್ಯಾಯದಲ್ಲಿ ದೇವರು ಮೋಶೆಗೆ, ತಾನು ಅಬ್ರಹಾಮ, ಇಸಾಕ, ಯಾಕೋಬರಿಗೆ ಏಲ್ ಶದ್ದೈ ಆಗಿ ಕಾಣಿಸಿಕೊಂಡೆನೆಂದೂ ಯಹ್ವೆ ಎಂಬ ಹೆಸರಿನಿಂದ ಅವರಿಗೆ ಗೊತ್ತಾಗಿರಲಿಲ್ಲವೆಂದೂ ತಿಳಿಸುತ್ತಾನೆ. ಆದಿಕಾಂಡದ ನಾಲ್ಕನೆಯ ಅಧ್ಯಾಯವಾದರೋ ಆದಾಮನ ಮೊಮ್ಮಗನ ಕಾಲದಲ್ಲಿಯೇ ಯಹ್ವೆಯ ಹೆಸರನ್ನು ಹೇಳಿ ಆರಾಧಿಸತೊಡಗಿದರೆನ್ನುತ್ತದೆ. ದೇವನಾಮಗಳ ಇಂಥ ಭೇದವನ್ನೇ ಸೂತ್ರವಾಗಿ ಹಿಡಿದು ಜೀನ್ ಅಸ್ಟ್ರುಕ್ ಎಂಬ ಫ್ರೆಂಚ್ ವೈದ್ಯನು ೧೭೫೩ರಲ್ಲಿ ಆದಿಕಾಂಡದ ಆಕರಗಳನ್ನು ಬೇರ್ಪಡಿಸಿದನು. ಆಧುನಿಕ ಬೈಬಲ್ ವಿಮರ್ಶೆ ಇಲ್ಲಿಂದ ಬೆಳೆಯಿತು. ವೆಲ್‌ಹೌಸೆನ್ನನ ನಾಲ್ಕು ಆಕರಗಳ ಸಿದ್ಧಾಂತವನ್ನು ೧೯೭೦ರ ದಶಕದಿಂದೀಚೆಗೆ ಎಲ್ಲರೂ ಯಥಾವತ್ತಾಗಿ ಒಪ್ಪುವುದಿಲ್ಲವಾದರೂ, ವಿಮೋಚನಕಾಂಡದ ಆ ವಾಕ್ಯದ ಐತಿಹಾಸಿಕ ಮೌಲ್ಯ ಕುಂದಿಲ್ಲ. ತಮ್ಮ ಪೂರ್ವಿಕರು ಬೇರೊಂದು ಹೆಸರಿನ ದೇವರನ್ನು ಪೂಜಿಸಿದರೆಂಬ ನೆನಪನ್ನು ಒಂದು ಜನಾಂಗವು ತನ್ನ ಪವಿತ್ರಗ್ರಂಥದಲ್ಲಿಯೇ ಉಳಿಸಿಕೊಂಡಿರುವುದು ಸಾಮಾನ್ಯ ಸಂಗತಿಯಲ್ಲ.

ಧರ್ಮೋಪದೇಶಕಾಂಡದ ೩೨ನೆಯ ಅಧ್ಯಾಯದಲ್ಲಿ ಇನ್ನೂ ಹಳೆಯದಾದ ನೆನಪೊಂದಿದೆ. ಎಲ್ಯೋನನು ಜನಾಂಗಗಳನ್ನು ಹಂಚಿದಾಗ ಅವುಗಳ ಎಲ್ಲೆಗಳನ್ನು ‘ಇಸ್ರಾಯೇಲನ ಮಕ್ಕಳ’ ಸಂಖ್ಯೆಗೆ ತಕ್ಕಂತೆ ನಿಗದಿಪಡಿಸಿದನೆಂದು ಪ್ರಚಲಿತ ಹೀಬ್ರೂ ಪಾಠ. ಕುಮ್ರಾನಿನ ಗುಹೆಯ ಹಸ್ತಪ್ರತಿಯೊಂದರಲ್ಲಿ ಅದೇ ಸ್ಥಳದಲ್ಲಿ ‘ದೇವರ ಮಕ್ಕಳ’ ಎಂದಿದೆ. ಯಾಕೋಬ್ಯರು ಯಹ್ವೆಯ ಪಾಲಿಗೆ ಬಂದರೆಂದು ಮುಂದಿನ ವಾಕ್ಯ. ಹಳೆಯ ಪಾಠದಲ್ಲಿ ಹಂಚುವವನು ಎಲ್ಯೋನ್, ಪಾಲು ಪಡೆಯುವವರಲ್ಲಿ ಒಬ್ಬನು ಯಹ್ವೆ ಎಂಬ ಅರ್ಥಕ್ಕೆ ಎಡೆಯಿರುವುದರಿಂದಲೇ ಯಾವನೋ ಲಿಪಿಕಾರನು ಅದನ್ನು ತಿದ್ದಿರಬೇಕು. ಮುಂದೆ ಏಲ್, ಎಲ್ಯೋನ್, ಶದ್ದೈ ಎಲ್ಲವೂ ಯಹ್ವೆಯ ಪರ್ಯಾಯನಾಮಗಳಾದುವು. ಪ್ರವಾದಿ ಎಲೀಯನ ಹೆಸರಾದ ‘ಎಲಿಯ್ಯಾಹು’ ಎಂಬುದು ‘ಯಾಹುವೇ ನನ್ನ ಏಲ್’ ಎಂದು ಈ ಐಕ್ಯವನ್ನು ಘೋಷಿಸುತ್ತದೆ. ಏಲನನ್ನು ಖಂಡಿಸುವ ಒಂದು ಮಾತೂ ಪ್ರವಾದಿಗಳಲ್ಲಿ ಇಲ್ಲ.

ಬಅಲನ (ಕನ್ನಡ ಬೈಬಲ್ಲಿನ ‘ಬಾಳ’ನ) ಗತಿ ಬೇರೆಯಾಯಿತು. ‘ಬಅಲ್’ ಎಂದರೆ ಒಡೆಯ. ಗಂಡ ಎಂಬ ಅರ್ಥವೂ ಉಂಟು. ಸಂಸ್ಕೃತದ ‘ಪತಿ’ ಶಬ್ದದಲ್ಲಿ ಎರಡು ಅರ್ಥಗಳೂ ಕೂಡಿರುವಂತೆಯೇ ಇದು. ಒಂದು ಕಾಲದಲ್ಲಿ ಈ ಶಬ್ದವನ್ನು ಯಹ್ವೆಗೂ ನಿಸ್ಸಂಕೋಚವಾಗಿ ಹೇಳುತ್ತಿದ್ದರು. ದಾವೀದನ ಭಟರಲ್ಲಿ ಒಬ್ಬನ ಹೆಸರು ‘ಬಅಲ್ಯಾಹ್’, ಅಂದರೆ ‘ಯಾಹುವೇ ಬಅಲ್’. ಯಹ್ವೆಯ ಭಕ್ತನಾದ ಸೌಲನು ತನ್ನ ಮಗನಿಗೆ ‘ಎಶ್‌ಬಅಲ್’ ಎಂದು ಹೆಸರಿಟ್ಟನು. ದಾವೀದನ ಒಬ್ಬ ಮಗನು ‘ಬಅಲ್ಯಾದ’. ಪೂರ್ವಕಾಲವೃತ್ತಾಂತದಲ್ಲಿ ಹೀಗಿರುವ ಹೆಸರುಗಳು ಸಮುವೇಲನ ಗ್ರಂಥದಲ್ಲಿ ತಿದ್ದಲ್ಪಟ್ಟಿವೆ: ಮೊದಲನೆಯವನು ಅಲ್ಲಿ ‘ಈಶ್‌ಬೋಶೆತ್’, ಅಂದರೆ ‘ನಾಚಿಕೆಯ ಮನುಷ್ಯ’, ಎರಡನೆಯವನು ‘ಎಲ್ಯಾದ’. ಕ್ರಿ.ಪೂ. ೮ನೆಯ ಶತಮಾನದ ಪ್ರವಾದಿ ಹೋಶೇಯನ ಗ್ರಂಥದಲ್ಲಿ, ಇಸ್ರಾಯೇಲ್ ಎಂಬ ಪತ್ನಿಯು ಇನ್ನು ತನ್ನನ್ನು ‘ನನ್ನ ಬಅಲ್’ ಎನ್ನದೆ ‘ನನ್ನ ಪುರುಷ’ ಎಂದು ಕರೆಯುವಳೆಂದು ದೇವರೇ ನುಡಿಯುತ್ತಾನೆ. ನಿಘಂಟಿನಲ್ಲಿ ಎರಡೂ ‘ಗಂಡ’ನೇ. ಧಾತುವಿನಲ್ಲಿ ಯಾವ ದೋಷವೂ ಇಲ್ಲದ ಒಂದು ಶಬ್ದ ಅನ್ಯದೇವತೆಯ ಸಹವಾಸದಿಂದ ಉಚ್ಚಾರಕ್ಕೆ ಅನರ್ಹವಾದುದು ಹೀಗೆ.

ಇದೇ ಕಾಲದ ಸಾಮಾನ್ಯ ಜನರ ಆರಾಧನೆ ಹೇಗಿತ್ತೆಂಬುದಕ್ಕೆ ಸೀನಾಯ್ ಪ್ರದೇಶದ ಕುಂತಿಲ್ಲತ್ ಅಜ್ರೂದ್‌ನಲ್ಲಿ ೧೯೭೫-೭೬ರಲ್ಲಿ ದೊರೆತ ದೊಡ್ಡ ಹರವಿಗಳ ಮೇಲಿನ ಬರಹಗಳು ಸಾಕ್ಷಿ. ಕ್ರಿ.ಪೂ. ೮೦೦ರ ಸುಮಾರಿನ ಆ ಬರಹಗಳಲ್ಲಿ ‘ಸಮಾರ್ಯದ ಯಹ್ವೆ’ ‘ತೇಮಾನಿನ ಯಹ್ವೆ’ ಎಂಬ ಕ್ಷೇತ್ರಭೇದಗಳಿವೆ. ಜೊತೆಗೆ ‘ಅವನ ಅಶೇರಾ’ ಎಂಬ ಮಾತೂ ಇದೆ. ಅಶೇರಾ ಎಂಬುದು ಉಗಾರಿಟಿನ ಅಥಿರತ್ ದೇವಿಯ ಹೀಬ್ರೂ ರೂಪ. ದೇವಸ್ಥಾನದಲ್ಲಿ ನೆಡುತ್ತಿದ್ದ ಮರದ ಕಂಬಕ್ಕೂ ಅದೇ ಹೆಸರು. ಹೀಬ್ರೂವಿನಲ್ಲಿ ವ್ಯಕ್ತಿಯ ಅಂಕಿತನಾಮಕ್ಕೆ ‘ಅವನ’ ಎಂಬ ಪ್ರತ್ಯಯ ಸೇರುವ ವಾಡಿಕೆಯಿಲ್ಲದ ಕಾರಣ ಇಲ್ಲಿ ಕಂಬವೇ ಉದ್ದಿಷ್ಟವೆಂದು ಹಲವರ ಮತ. ಕಂಬವೆಂದರೂ ಅದು ಒಂದು ಕಾಲಕ್ಕೆ ದೇವಿಯ ಪ್ರತೀಕವಾಗಿದ್ದುದು ಸುಳ್ಳಾಗುವುದಿಲ್ಲ.

ಕ್ರಿ.ಪೂ. ೬ನೆಯ ಶತಮಾನದ ಆರಂಭದವರೆಗೂ ಯಹ್ವೆಯ ಹೆಸರು ಎಲ್ಲರ ನಾಲಗೆಯ ಮೇಲಿತ್ತು. ಬಾಬಿಲೋನಿಯರ ಮುತ್ತಿಗೆಯ ದಿನಗಳಲ್ಲಿ ಲಾಕೀಷಿನ ಕೋಟೆಯ ಸೇನಾಧಿಕಾರಿಗೆ ಬರೆದ, ಮಡಕೆ ಚೂರುಗಳ ಮೇಲಿನ ಓಲೆಗಳು ಯಹ್ವೆಯ ಹೆಸರಿನ ಶುಭಾಶಯದಿಂದ ಆರಂಭವಾಗುತ್ತವೆ. ನಾವು ‘ಕ್ಷೇಮ’ ಎಂದು ಬರೆಯುವಷ್ಟೇ ಸಹಜವಾಗಿ. ಮುಂದಿನ ಶತಮಾನದಲ್ಲಿಯೂ ನೈಲ್ ನದಿಯ ಎಲೆಫಂಟೀನ್ ದ್ವೀಪದ ಯೆಹೂದಿ ಸೈನಿಕರು ‘ಯಾಹು’ ದೇವರ ಗುಡಿಯನ್ನಿಟ್ಟುಕೊಂಡಿದ್ದರು. ೪೧೦ರಲ್ಲಿ ಅದು ಧ್ವಂಸವಾದಾಗ, ೪೦೭ರಲ್ಲಿ ಯೆಹೂದದ ಅಧಿಪತಿಗೆ ಬಿನ್ನವತ್ತಳೆಯನ್ನು ಕಳುಹಿಸಿದರು. ಆಮೇಲೆ ಕ್ರಮಕ್ರಮವಾಗಿ ಮೌನ ಆವರಿಸಿತು. ಕೀರ್ತನೆಗಳಲ್ಲಿ ೧೪ನೆಯದೂ ೫೩ನೆಯದೂ ಬಹುಮಟ್ಟಿಗೆ ಒಂದೇ ಪದ್ಯ. ಮೊದಲನೆಯದರಲ್ಲಿ ಯಹ್ವೆ ಎಂದಿರುವಲ್ಲೆಲ್ಲ ಎರಡನೆಯದರಲ್ಲಿ ಎಲೋಹೀಂ ಎಂದಿದೆ. ಕುಮ್ರಾನಿನ ಲಿಪಿಕಾರರಲ್ಲಿ ಕೆಲವರು ಉಳಿದುದೆಲ್ಲವನ್ನೂ ಚದುರ ಲಿಪಿಯಲ್ಲಿ ಬರೆದು ಈ ಹೆಸರನ್ನು ಮಾತ್ರ ಪುರಾತನ ಲಿಪಿಯಲ್ಲಿ ಬರೆದರು. ಓದುವಾಗ ಅದರ ಬದಲು ‘ಅದೋನಾಯ್’ ಎನ್ನುವುದು ರೂಢಿಯಾಯಿತು. ‘ನನ್ನ ಒಡೆಯ’ ಎಂದು ಇದರ ಅರ್ಥ. ಇದೂ ರೂಪದಲ್ಲಿ ಗೌರವ ಬಹುವಚನ. ಯೆರೂಸಲೇಮಿನ ಮಹಾಯಾಜಕನು ಪ್ರಾಯಶ್ಚಿತ್ತದ ದಿನದ ವಿಧಿಯಲ್ಲಿ ಆ ಹೆಸರನ್ನು ಉಚ್ಚರಿಸುತ್ತಿದ್ದನೆಂದು ಮಿಶ್ನಾ ಹೇಳುತ್ತದೆ, ಕ್ರಿ.ಶ. ೭೦ರಲ್ಲಿ ದೇವಾಲಯ ನಾಶವಾದಾಗ ಆ ಸಂದರ್ಭವೂ ಇಲ್ಲವಾಯಿತು. ಮೂಲದ ಉಚ್ಚಾರಣೆ ‘ಯಹ್ವೆ’ ಎಂದು ನಾವು ಊಹಿಸುವುದು ಬಹುಮಟ್ಟಿಗೆ ಗ್ರೀಕ್ ಲೇಖಕರ ನೆರವಿನಿಂದ. ಸಮಾರ್ಯರು ಅದನ್ನು ‘ಯಾಬೆ’ ಎನ್ನುತ್ತಾರೆಂದು ೫ನೆಯ ಶತಮಾನದ ಥಿಯೊಡೊರೆಟ್ ಬರೆದಿಟ್ಟಿದ್ದಾನೆ.

ಹಾಗಾದರೆ ‘ಯೆಹೋವ’ ಎಂಬುದು ಎಲ್ಲಿಂದ ಬಂತು? ಪ್ರಾಚೀನ ಹೀಬ್ರೂ ಲಿಪಿಯಲ್ಲಿ ವ್ಯಂಜನಗಳನ್ನು ಮಾತ್ರ ಬರೆಯುತ್ತಿದ್ದರು. ಕ್ರಿ.ಶ. ೭ರಿಂದ ೧೦ನೆಯ ಶತಮಾನದವರೆಗೆ ತಿಬೇರಿಯದ ಮಸೋರಾ ಪಂಡಿತರು ಪರಂಪರಾಗತವಾದ ಪಠನವನ್ನು ರಕ್ಷಿಸಲು ಅಕ್ಷರಗಳ ಮೇಲೂ ಕೆಳಗೂ ಸ್ವರಚಿಹ್ನೆಗಳನ್ನು ಹಚ್ಚಿದರು. ನಾಲ್ಕಕ್ಷರದ ಹೆಸರು ಬಂದಾಗ, ಬರೆದುದನ್ನು ಬದಲಿಸದೆ, ಓದಬೇಕಾದ ‘ಅದೋನಾಯ್’ ಶಬ್ದದ ಸ್ವರಗಳನ್ನೇ ಅದಕ್ಕೆ ಕೊಡುವ ಸಂಪ್ರದಾಯ ಬೆಳೆಯಿತು. ಅದು ಓದುಗನಿಗೆ ಎಚ್ಚರಿಕೆ. ಸ್ವತಃ ಒಂದು ಶಬ್ದವಲ್ಲ. ಈ ಸಂಕೇತವನ್ನರಿಯದ ಕ್ರೈಸ್ತ ವಿದ್ವಾಂಸರು ಆ ವ್ಯಂಜನಗಳನ್ನೂ ಆ ಸ್ವರಗಳನ್ನೂ ಕೂಡಿಸಿ ಓದಿದರು. ೧೩ನೆಯ ಶತಮಾನದ ಲ್ಯಾಟಿನ್ ಬರಹಗಳಲ್ಲಿ ಈ ರೂಪ ತಲೆದೋರಿ, ೧೫೩೦ರಲ್ಲಿ ಟಿಂಡೇಲನ ಅನುವಾದದ ಮೂಲಕ ಇಂಗ್ಲಿಷಿಗೆ ಬಂದು, ೧೯ನೆಯ ಶತಮಾನದಲ್ಲಿ ಬಳ್ಳಾರಿಯ ಪಾದ್ರಿಗಳ ಕಾಲಕ್ಕೆ ಕನ್ನಡಕ್ಕೂ ಇಳಿಯಿತು. ಇದನ್ನು ಅಪಭ್ರಂಶವೆಂದು ಹೀಗಳೆಯುವುದು ಸಲ್ಲದು. ಶತಮಾನಗಳ ಪ್ರಾರ್ಥನೆಯಲ್ಲಿ ಬಳಕೆಯಾದ ಹೆಸರಿಗೆ ಬಳಕೆಯೇ ಪ್ರಮಾಣ. ಕನ್ನಡದ ರೂಪ ಒಂದು ವಿವರದಲ್ಲಿ ಮೂಲಕ್ಕೆ ನಿಷ್ಠವಾಗಿಯೂ ಇದೆ. ‘ಅದೋನಾಯ್’ ಎಂಬುದರ ಮೊದಲಿನ ಹ್ರಸ್ವ ಅಕಾರವು ಹೀಬ್ರೂ ಸಂಧಿನಿಯಮದಂತೆ ‘ಯ್’ ವ್ಯಂಜನದ ಕೆಳಗೆ ಅಸ್ಫುಟವಾದ ಎಕಾರವಾಗಿ ಮಾರ್ಪಡುತ್ತದೆ. ನಮ್ಮ ‘ಯೆಹೋವ’ದ ಮೊದಲಿನ ‘ಯೆ’ ಆ ಎಕಾರವೇ.